ತೂಬಿಗಿಂತ ಕೆಳಗೆ ನಿಂತ ನೀರು: ಹಿಗ್ಗಿ ಜೋತುಬಿದ್ದ ಅನ್ನನಾಳಕ್ಕೆ ಯಾವ ಆಪರೇಷನ್?

ಆಕೆ ಮೊದಲ ಸಲ ನಮ್ಮ ಓಪಿಡಿಗೆ ಬಂದಾಗ ಚೀಲದಲ್ಲಿ ಎರಡು ಬಾಟಲಿ ಇದ್ದವು. ಒಂದರಲ್ಲಿ ಕುಡಿಯುವ ನೀರು. ಇನ್ನೊಂದು ಖಾಲಿ, ಅಗಲ ಬಾಯಿಯದು. ಏನೇ ತಿಂದರೂ ಮೇಲೆ ಎರಡು ಲೋಟ ನೀರು ಕುಡಿಯಬೇಕು. ಎದ್ದು ನಿಂತು ಕೈ ಎರಡೂ ಮೇಲಕ್ಕೆತ್ತಿ ಬೆನ್ನು ನೆಟ್ಟಗೆ ಮಾಡಬೇಕು. ಆಗ ಸ್ವಲ್ಪ ಇಳಿಯುತ್ತದೆ. ಇಳಿಯದೆ ವಾಪಸ್ ಬಂದರೆ ಅದಕ್ಕೆ ಖಾಲಿ ಬಾಟಲಿ.

“ವಾಂತಿನಾ ಅಮ್ಮಾ?” ಅಂತ ಕೇಳಿದೆ.

“ವಾಂತಿ ಅಲ್ಲ ಸಾರ್. ಹುಳಿ ಇಲ್ಲ, ಕಹಿ ಇಲ್ಲ. ತಿಂದ ಅನ್ನ ತಿಂದ ಹಾಗೇ ಬರುತ್ತೆ. ನಿನ್ನೆ ರಾತ್ರಿದು ಇವತ್ತು ಬೆಳಗ್ಗೆ ಬಂತು.”

ಈ ಮಾತಿನಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಹೊಟ್ಟೆಗೆ ಇಳಿದು ವಾಪಸ್ ಬಂದದ್ದು ಹುಳಿಯಾಗಿರುತ್ತದೆ. ಇದು ಹೊಟ್ಟೆಯನ್ನು ಮುಟ್ಟಿಯೇ ಇರಲಿಲ್ಲ. ರಾತ್ರಿಯಿಡೀ ಎದೆಯಲ್ಲೇ ನಿಂತಿತ್ತು.

ಆಕೆಗೆ 52 ವರ್ಷ. ದಾವಣಗೆರೆ ಜಿಲ್ಲೆಯವರು, ಅಡಿಕೆ ತೋಟದ ಮನೆ. ಎತ್ತರ 154 ಸೆಂಟಿಮೀಟರ್, ತೂಕ 38 ಕಿಲೋ. ಒಂದು ವರ್ಷದಲ್ಲಿ 12 ಕಿಲೋ ಇಳಿದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ. ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಇಡೀ ಅನ್ನನಾಳ ತೆಗೆಯಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಈ ಒಂದು ಪ್ರಕರಣದಲ್ಲಿ ನಾವು ಹೇಗೆ ಉತ್ತರ ಹುಡುಕಿದೆವು, ಎಲ್ಲಿ ತಡಕಾಡಿದೆವು ಅನ್ನುವುದನ್ನು ಇದ್ದ ಹಾಗೆ ಹೇಳಬೇಕು ಅಂತ ನನ್ನ ಆಸೆ.

ಇಪ್ಪತ್ತು ವರ್ಷದ ಕಥೆ

ಕಾಯಿಲೆಯ ಹೆಸರು ಅಕಲೇಸಿಯಾ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ನುಂಗಿದಾಗ ಅದು ಮೇಲಿಂದ ಕೆಳಕ್ಕೆ ಅಲೆಯ ಹಾಗೆ ಹಿಂಡುತ್ತದೆ. ಅದೇ ಹೊತ್ತಿಗೆ ಹೊಟ್ಟೆಯ ಬಾಯಲ್ಲಿರುವ ಕವಾಟ ಸಡಿಲಾಗುತ್ತದೆ. ಈ ಎರಡನ್ನೂ ಹೊಂದಿಸುವುದು ಸ್ನಾಯು ಪದರಗಳ ನಡುವೆ ಇರುವ ನರಕೋಶಗಳು. ಅಕಲೇಸಿಯಾದಲ್ಲಿ ಆ ನರಕೋಶಗಳು ಸಾಯುತ್ತವೆ. ಅಲೆ ನಿಲ್ಲುತ್ತದೆ, ಕವಾಟ ಸಡಿಲಾಗುವುದಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಹೊಸದಾಗಿ ಬರುವ ಕಾಯಿಲೆ ಇದು. ಅಪರೂಪದ್ದು, ಹಾಗಾಗಿ ಬೇಗ ಯಾರ ತಲೆಗೂ ಹೊಳೆಯುವುದಿಲ್ಲ.

ಇವರಿಗೂ ಹಾಗೇ ಆಯಿತು. 32ನೇ ವಯಸ್ಸಿಗೆ ಶುರು. ಮೊದಲು ರೊಟ್ಟಿ ಸಿಕ್ಕಿಕೊಂಡಿತು, ಆಮೇಲೆ ಅನ್ನ, ಆಮೇಲೆ ನೀರೂ. ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಮನಸ್ಸಿನ ಕಾಯಿಲೆ ಅಂತಲೂ ಯಾರೋ ಹೇಳಿದ್ದರು. ಮದುವೆ ಮನೆಗೆ ಹೋಗುವುದನ್ನು ಬಿಟ್ಟರು, ಪಂಕ್ತಿಯಿಂದ ಮಧ್ಯದಲ್ಲಿ ಎದ್ದರೆ ಜನ ನೋಡುತ್ತಾರೆ ಅಂತ. 41ನೇ ವಯಸ್ಸಿಗೆ ಕೊನೆಗೂ ಸರಿಯಾದ ರೋಗಪತ್ತೆ ಆಗಿ, ಬೇರೊಂದು ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಹೆಲ್ಲರ್ ಮಯೋಟಮಿ ಆಯಿತು.

ಈ ಆಪರೇಷನ್ನಿಗೆ ನೂರು ವರ್ಷ ದಾಟಿದ ಇತಿಹಾಸ ಇದೆ. ಅದಕ್ಕೂ ಮೊದಲು, 1674ರಲ್ಲೇ, ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯರು ಇಂಥ ಒಬ್ಬ ರೋಗಿಗೆ ತಿಮಿಂಗಿಲದ ಎಲುಬಿನ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟಿದ್ದರು, ಊಟವನ್ನು ಒಳಕ್ಕೆ ತಳ್ಳಿಕೊಳ್ಳಲಿಕ್ಕೆ. 1913ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎರ್ನ್‌ಸ್ಟ್ ಹೆಲ್ಲರ್ ಕವಾಟದ ಸ್ನಾಯುವನ್ನು ಉದ್ದಕ್ಕೆ ಸೀಳಿದರು, ಒಳಪೊರೆಗೆ ಕೈ ಹಚ್ಚಲಿಲ್ಲ. ಇವತ್ತಿಗೂ ತತ್ವ ಅದೇ. ಕ್ಯಾಮೆರಾ ಬಂದಿದೆ, ಕೀಹೋಲ್ ಬಂದಿದೆ, ಸೀಳಿದ ಜಾಗದ ಮೇಲೆ ಹೊಟ್ಟೆಯ ಒಂದು ಮಡಿಕೆ ಹೊದಿಸುವ ಕ್ರಮ ಬಂದಿದೆ.

ಒಂದು ಮಾತು ಮಾತ್ರ ಎಲ್ಲರಿಗೂ ತಿಳಿದಿರಬೇಕು. ಮಯೋಟಮಿ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಸತ್ತ ನರ ಹುಟ್ಟುವುದಿಲ್ಲ. ಬಾಗಿಲು ತೆರೆದುಕೊಡುತ್ತದೆ ಅಷ್ಟೇ. ಊಟ ತನ್ನ ಭಾರದಿಂದ ಇಳಿಯಬೇಕು.

ಆಕೆಗೆ ಏಳು ವರ್ಷ ಚೆನ್ನಾಗಿ ಇಳಿಯಿತು. ಆ ಏಳು ವರ್ಷದ ಬಗ್ಗೆ ಮಾತಾಡುವಾಗ ಅವರ ಮುಖವೇ ಬೇರೆ ಆಗುತ್ತಿತ್ತು. ಆಮೇಲೆ ನಿಧಾನವಾಗಿ ಮತ್ತೆ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಎರಡು ಸಲ ಬಲೂನ್ ಹಾಕಿ ಹಿಗ್ಗಿಸಿದರು. ಮೊದಲು 30 ಮಿಲಿಮೀಟರಿನದು, ಎಂಟು ತಿಂಗಳು ನೆಮ್ಮದಿ ಕೊಟ್ಟಿತು. ಆಮೇಲೆ 35 ಮಿಲಿಮೀಟರಿನದು, ಎರಡೇ ತಿಂಗಳು. ಹಿಂದಿನ ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ್ದರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಲೆ ನೋಡಿ, ಕಫದಲ್ಲಿ ಕ್ರಿಮಿ ಸಿಗದಿದ್ದರೂ, ಆರು ತಿಂಗಳು ಟಿಬಿ ಔಷಧಿ ಕೊಟ್ಟಿದ್ದರು. ಆ ಕಲೆ ಟಿಬಿಯದಲ್ಲ. ರಾತ್ರಿ ಮಲಗಿದಾಗ ಅನ್ನನಾಳದಲ್ಲಿ ನಿಂತ ಊಟ ಉಸಿರಿನ ದಾರಿಗೆ ಸೋರುತ್ತಿತ್ತು.

ಗಂಡ ಹೇಳಿದ್ದು: “ರಾತ್ರಿ ಕೂತೇ ನಿದ್ದೆ ಮಾಡ್ತಾಳೆ ಸಾರ್. ಗೋಡೆಗೆ ಒರಗಿ. ಮೂರು ವರ್ಷ ಆಯ್ತು.”

ಬೇರಿಯಂ ಎಕ್ಸ್‌ರೇ ಹೇಳಿದ್ದು

ಬಿಳಿ ಬೇರಿಯಂ ದ್ರಾವಣ ಕುಡಿಸಿ, ನಿಲ್ಲಿಸಿ, 1, 2 ಮತ್ತು 5 ನಿಮಿಷಕ್ಕೆ ಎಕ್ಸ್‌ರೇ ತೆಗೆಯುತ್ತೇವೆ. ಆರೋಗ್ಯವಂತರಲ್ಲಿ ಒಂದು ನಿಮಿಷದೊಳಗೇ ಖಾಲಿಯಾಗಿರುತ್ತದೆ. ಇವರಲ್ಲಿ 5 ನಿಮಿಷವಾದರೂ 14 ಸೆಂಟಿಮೀಟರ್ ಎತ್ತರಕ್ಕೆ ನಿಂತಿತ್ತು. ಅನ್ನನಾಳದ ಅಗಲ 9 ಸೆಂಟಿಮೀಟರ್. ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಇರುವಂಥದ್ದು. ಅದು ನೇರವಾಗಿಯೂ ಇರಲಿಲ್ಲ. ಎದೆಯ ಬಲಕ್ಕೆ ಜೋತು, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ಡಯಾಫ್ರಮ್‌ ಮೇಲೆ ಮಡಚಿ ಮಲಗಿ, ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತಿ ಹೊಟ್ಟೆ ಸೇರುತ್ತಿತ್ತು. ಇಂಗ್ಲಿಷಿನ ಎಸ್ ಅಕ್ಷರದ ಹಾಗೆ. ಇದಕ್ಕೆ ಸಿಗ್ಮಾಯ್ಡ್ ಅನ್ನನಾಳ ಅನ್ನುತ್ತಾರೆ. ಅಕಲೇಸಿಯಾದ ಕೊನೆಯ ಹಂತ.

ಎಂಡೋಸ್ಕೋಪಿಗೆ ಮೊದಲು ಮೂರು ದಿನ ಬರೀ ನೀರಿನಂಥ ಆಹಾರ ಕೊಟ್ಟೆವು, ದಪ್ಪ ಟ್ಯೂಬ್ ಹಾಕಿ ತೊಳೆದೆವು. ಆದರೂ ಒಳಗೆ ಹಳೆಯ ಅನ್ನದ ಅಗುಳು ಇತ್ತು. ಆದರೆ ನನ್ನ ಗಮನ ಸೆಳೆದದ್ದು ಅದಲ್ಲ. ಎಂಡೋಸ್ಕೋಪ್ ಹೊಟ್ಟೆಯೊಳಕ್ಕೆ ತಡೆಯೇ ಇಲ್ಲದೆ ಹೋಯಿತು. ಚಿಕಿತ್ಸೆ ಆಗದ ಅಕಲೇಸಿಯಾದಲ್ಲಿ ಕವಾಟದ ಹತ್ತಿರ ಸ್ವಲ್ಪ ಒತ್ತಿದ ಮೇಲೆ ಜಾರುತ್ತದೆ. ಇಲ್ಲಿ ಅದು ಇರಲಿಲ್ಲ.

ಒತ್ತಡ ಅಳೆಯುವ ಮ್ಯಾನೋಮೆಟ್ರಿ ಮಾಡಿಸುವುದೇ ಕಷ್ಟವಾಯಿತು. ಆ ತೆಳ್ಳನೆಯ ತಂತಿ ಚೀಲದೊಳಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ಕೆಳಕ್ಕೆ ಹೋಗಲೇ ಇಲ್ಲ. ಕೊನೆಗೆ ಎಂಡೋಸ್ಕೋಪಿನ ಸಹಾಯದಿಂದ ದಾಟಿಸಿದೆವು. ನುಂಗಿದಾಗ ಕವಾಟದಲ್ಲಿ ಉಳಿಯುವ ಒತ್ತಡ 15ರೊಳಗೆ ಇದ್ದರೆ ಸಾಮಾನ್ಯ. ಇವರದ್ದು 7.

ಅಂದರೆ ಕವಾಟ ಆಗಲೇ ತೆರೆದಿದೆ. ಹಳೆಯ ಮಯೋಟಮಿ ಸೋತಿಲ್ಲ. ಹಾಗಾದರೆ ಊಟ ಯಾಕೆ ಇಳಿಯುತ್ತಿಲ್ಲ?

ಇದನ್ನು ಗಂಡನಿಗೆ ಎಕ್ಸ್‌ರೇ ತೋರಿಸಿ ವಿವರಿಸಲು ಹೊರಟಿದ್ದೆ. ಅವರು ಸೂಳೆಕೆರೆಯ ನೀರು ನಂಬಿ ತೋಟ ಮಾಡಿದ ಕಡೆಯವರು. ಬಿಳಿ ನೆರಳನ್ನು ಸ್ವಲ್ಪ ಹೊತ್ತು ನೋಡಿ, ತಾವೇ ಹೇಳಿದರು: “ತೂಬು ಮೇಲಿದೆ, ನೀರು ಕೆಳಗೆ ನಿಂತಿದೆ. ಡೆಡ್ ಸ್ಟೋರೇಜ್ ಇದ್ದ ಹಾಗೆ ಅಲ್ವಾ ಸಾರ್? ತೂಬು ಎಷ್ಟು ತೆಗೆದ್ರೂ ಅದು ಹರಿಯಲ್ಲ.”

ನಮ್ಮ ವಿಭಾಗದ ಚರ್ಚೆಯಲ್ಲಿ ಯಾರೂ ಇದಕ್ಕಿಂತ ಚೆನ್ನಾಗಿ ಹೇಳಲಿಲ್ಲ.

ಮುಂದಿದ್ದ ದಾರಿಗಳು

ಆ ವಾರ ಸರ್ಜನ್‌ಗಳು, ಎಂಡೋಸ್ಕೋಪಿ ಮಾಡುವ ಗ್ಯಾಸ್ಟ್ರೋ ತಜ್ಞರು, ಅರಿವಳಿಕೆಯವರು, ಡಯಟಿಷಿಯನ್ ಎಲ್ಲರೂ ಕೂತೆವು. ಮತ್ತೆ ಬಲೂನ್ ಹಾಕುವ ಮಾತು ಒಂದೇ ನಿಮಿಷದಲ್ಲಿ ಮುಗಿಯಿತು. ಸಡಿಲಾಗಿರುವ ಕವಾಟವನ್ನು ಇನ್ನೇನು ಹಿಗ್ಗಿಸುವುದು. ಕವಾಟದ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನಿಗೂ ಅದೇ ಉತ್ತರ.

ನಿಜವಾದ ವಾದ ನಡೆದದ್ದು ಪೋಯೆಮ್ ಬಗ್ಗೆ. 2008ರಲ್ಲಿ ಜಪಾನಿನ ಹರುಹಿರೊ ಇನೋಯೆ ಮನುಷ್ಯರ ಮೇಲೆ ಮೊದಲು ಮಾಡಿದ ವಿಧಾನ ಇದು. ಹೊರಗಿನಿಂದ ಒಂದು ಗಾಯವೂ ಇಲ್ಲ. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಒಳಪೊರೆಯ ಅಡಿಯಲ್ಲಿ ಸುರಂಗ ಮಾಡಿ, ಒಳಗಿನಿಂದಲೇ ಸ್ನಾಯು ಕತ್ತರಿಸುತ್ತಾರೆ. ನಮ್ಮ ದೇಶದಲ್ಲಿ ಇದು ಈಗ ಹೊಸದೇನಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಆಗಿವೆ. 2019ರಲ್ಲಿ ಪ್ರಕಟವಾದ, 221 ರೋಗಿಗಳ ಯುರೋಪಿನ ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ಪೋಯೆಮ್ 83 ಶೇಕಡಾ ಜನರಲ್ಲಿ ಯಶಸ್ವಿ, ಹೆಲ್ಲರ್ ಮಯೋಟಮಿ ಸುಮಾರು 82. ಎರಡೂ ಸಮ ಅನ್ನಬಹುದು. ವ್ಯತ್ಯಾಸ ಇದ್ದದ್ದು ಆಸಿಡ್ ಮೇಲೇರಿ ಆಗುವ ಹುಣ್ಣಿನಲ್ಲಿ: ಪೋಯೆಮ್ ಆದವರಲ್ಲಿ 44 ಶೇಕಡಾ, ಹೆಲ್ಲರ್ ಆದವರಲ್ಲಿ 29. ಹೆಲ್ಲರ್‌ನಲ್ಲಿ ಹೊಟ್ಟೆಯ ಮಡಿಕೆ ಹೊದಿಸುತ್ತೇವೆ, ಪೋಯೆಮ್‌ನಲ್ಲಿ ಅದಿಲ್ಲ.

ನನ್ನ ಗ್ಯಾಸ್ಟ್ರೋ ಸಹೋದ್ಯೋಗಿ ಪೋಯೆಮ್ ಪರ ಗಟ್ಟಿಯಾಗಿ ನಿಂತರು. ಹಳೆಯ ಸೀಳು ಮುಂದಿನ ಗೋಡೆಯಲ್ಲಿದೆ, ನಾವು ಹಿಂದಿನ ಗೋಡೆಯಲ್ಲಿ ಸೀಳೋಣ. ಮೂರು ನಾಲ್ಕು ದಿನಕ್ಕೆ ಮನೆಗೆ ಹೋಗುತ್ತಾರೆ. ಸಿಗ್ಮಾಯ್ಡ್ ಆಗಿದ್ದರೂ ಕೆಲವರಿಗೆ ಒಳ್ಳೆಯ ಫಲಿತಾಂಶ ಸಿಕ್ಕಿದೆ. ಸೋತರೆ ದೊಡ್ಡ ಆಪರೇಷನ್ ಇದ್ದೇ ಇದೆ. 38 ಕಿಲೋದ ಹೆಂಗಸಿಗೆ ಮೊದಲೇ ಅದು ಯಾಕೆ? ಈ ಮಾತಿನಲ್ಲಿ ತೂಕ ಇತ್ತು. ಕ್ಯಾನ್ಸರ್ ಅಲ್ಲದ ಕಾಯಿಲೆಯಲ್ಲಿ ಚಿಕ್ಕದರಿಂದ ಶುರು ಮಾಡಬೇಕು ಅನ್ನುವುದನ್ನು ನಾನೂ ನಂಬುತ್ತೇನೆ. ಒಂದು ಸಲವೂ ಮಯೋಟಮಿ ಆಗದ ರೋಗಿಗೆ ಅನ್ನನಾಳ ಎಷ್ಟೇ ಹಿಗ್ಗಿದ್ದರೂ ಮೊದಲು ಮಯೋಟಮಿಯನ್ನೇ ಮಾಡುತ್ತೇನೆ. ಅಂಥವರಲ್ಲಿ ಬಹಳ ಜನಕ್ಕೆ ಅಷ್ಟರಲ್ಲೇ ಸಾಕಾಗುತ್ತದೆ.

ಆದರೆ ಆ ಯುರೋಪಿನ ಹೋಲಿಕೆ, ಒಮ್ಮೆ ಮಯೋಟಮಿ ಆಗಿ, ಎರಡು ಬಲೂನ್ ಆಗಿ, ಚೀಲದ ಹಾಗೆ ಜೋತುಬಿದ್ದ ಅನ್ನನಾಳಕ್ಕಾಗಿ ಮಾಡಿದ್ದಲ್ಲ. ಮತ್ತೆ, ಒತ್ತಡ 7 ಇರುವ ಕಡೆ ಇನ್ನೊಂದು ಸೀಳು ಯಾವ ತಡೆಯನ್ನು ತೆಗೆಯುತ್ತದೆ? ಆಸಿಡ್ ಮೇಲೇರಿದರೆ ಹಿಂಡಿ ಕೆಳಗೆ ಕಳಿಸುವ ಶಕ್ತಿ ಈ ಅನ್ನನಾಳಕ್ಕೆ ಇಲ್ಲ. ಅದು ಅಲ್ಲೇ ನಿಲ್ಲುತ್ತದೆ.

ಮತ್ತೆ ಹೆಲ್ಲರ್ ಮಾಡಿ, ಜೊತೆಗೆ ಅನ್ನನಾಳವನ್ನು ಕೆಳಕ್ಕೆ ಎಳೆದು ನೇರ ಮಾಡಿ ಹೊಲಿಯುವ ವಿಧಾನವೂ ಇದೆ. ಕೇಳಲಿಕ್ಕೆ ಸರಿಯಾಗಿಯೇ ಇದೆ, ಕೆರೆಯ ತಳವನ್ನೇ ತೂಬಿನ ಮಟ್ಟಕ್ಕೆ ತಂದ ಹಾಗೆ. ಮೊದಲ ಆಪರೇಷನ್ ಆಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಇಲ್ಲಿ ಹಳೆಯ ಸೀಳಿನ ಜಾಗ ಲಿವರಿನ ಅಡಿಗೆ ಅಂಟಿಕೊಂಡಿತ್ತು, ಒಳಪೊರೆ ತೂತಾಗುವ ಭಯ ಜಾಸ್ತಿ. 9 ಸೆಂಟಿಮೀಟರ್ ಅಗಲದ, ಮಡಚಿ ಮಲಗಿದ ಕೊಳವೆ ಎಳೆದರೂ ನೇರ ನಿಲ್ಲುವುದು ಅನುಮಾನ.

ಬ್ರೆಜಿಲ್‌ನವರಿಗೆ ಈ ರೋಗದ ಅನುಭವ ಬಹಳ. ಅಲ್ಲಿ ಚಾಗಾಸ್ ಎಂಬ ಪರೋಪಜೀವಿ ಕಾಯಿಲೆ ಅನ್ನನಾಳದ ಇದೇ ನರಕೋಶಗಳನ್ನು ಕೊಲ್ಲುತ್ತದೆ. ಅವರು ಅನ್ನನಾಳವನ್ನು ಉಳಿಸಿಕೊಂಡು, ಅದಕ್ಕೂ ಹೊಟ್ಟೆಗೂ ಅಗಲವಾದ ಹೊಸ ಬಾಯಿ ಮಾಡಿ, ಹೊಟ್ಟೆಯ ಕೆಳಭಾಗ ತೆಗೆದು, ಆಸಿಡ್ ಮತ್ತು ಪಿತ್ತ ಮೇಲೇರದ ಹಾಗೆ ಕರುಳನ್ನು ತಿರುಗಿಸಿ ಜೋಡಿಸುತ್ತಾರೆ. ಸೆರ್ರಾ-ಡೋರಿಯಾ ಆಪರೇಷನ್ ಅಂತ ಹೆಸರು. ಎದೆ ಮುಟ್ಟಬೇಕಾಗಿಲ್ಲ ಅನ್ನುವುದು ಇದರ ದೊಡ್ಡ ಗುಣ. ನಮ್ಮಲ್ಲಿ ಯಾರಿಗೂ ಇದನ್ನು ಮಾಡಿದ ಅನುಭವ ಇರಲಿಲ್ಲ. ಮೊದಲ ಪ್ರಯೋಗ ಈಕೆಯ ಮೇಲೆ ಬೇಡ ಅಂದುಕೊಂಡೆವು.

ಉಳಿದದ್ದು ಅನ್ನನಾಳ ತೆಗೆಯುವುದು. ಇದರ ಲೆಕ್ಕ ಮುಚ್ಚಿಡಬಾರದು. ಕೊನೆಯ ಹಂತದ ಅಕಲೇಸಿಯಾಕ್ಕೆ ಈ ಆಪರೇಷನ್ ಆದ 1,307 ಜನರ ವಿವರ ಒಟ್ಟು ಸೇರಿಸಿದ ವಿಶ್ಲೇಷಣೆ 2018ರಲ್ಲಿ ಬಂತು. ನೂರರಲ್ಲಿ ಇಬ್ಬರು ತೀರಿಕೊಂಡಿದ್ದರು. ಏಳು ಜನಕ್ಕೆ ಜೋಡಣೆ, ಅಂದರೆ ಹೊಲಿದು ಸೇರಿಸಿದ ಜಾಗ, ಸೋರಿತ್ತು. ಹತ್ತು ಜನಕ್ಕೆ ನ್ಯುಮೋನಿಯಾ ಆಗಿತ್ತು. ಕ್ಯಾನ್ಸರ್ ರೋಗಿಗೆ ಈ ಅಂಕಿ ಹೇಳಿದರೆ ಆಪರೇಷನ್ ಕಡೆಗೇ ವಾಲುತ್ತಾರೆ, ಯಾಕೆಂದರೆ ಆ ಕಡೆ ಸಾವು ನಿಂತಿದೆ. ಇಲ್ಲಿ ಆ ಕಡೆ ಇರುವುದು ಸಾವಲ್ಲ. ಕಷ್ಟದ್ದೇ ಆದರೂ ನಡೆಯುತ್ತಿರುವ ಒಂದು ಜೀವನ. ಆ ಜೀವನ ಎಷ್ಟು ಕಷ್ಟ ಅಂತ ಅಳೆಯಬೇಕಾದವರು ನಾವಲ್ಲ, ಆಕೆ.

ಹೊಟ್ಟೆಯೋ ಕರುಳೋ

ಅನ್ನನಾಳ ತೆಗೆದ ಮೇಲೆ ಆ ಜಾಗಕ್ಕೆ ಏನು? ಸಾಮಾನ್ಯವಾಗಿ ಹೊಟ್ಟೆಯನ್ನೇ ಉದ್ದನೆಯ ಕೊಳವೆ ಮಾಡಿ ಕುತ್ತಿಗೆಯವರೆಗೆ ಎತ್ತುತ್ತೇವೆ. ರಕ್ತ ಒದಗಿಸುವುದು ಮುಖ್ಯವಾಗಿ ಅದರ ಅಂಚಿನಲ್ಲಿ ಬರುವ ಒಂದು ರಕ್ತನಾಳ. ಜೋಡಣೆ ಒಂದೇ. ಇನ್ನೊಂದು ದಾರಿ ದೊಡ್ಡ ಕರುಳಿನ ತುಂಡು. ಅದರಲ್ಲಿ ಜೋಡಣೆ ಮೂರು: ಕುತ್ತಿಗೆಯಲ್ಲಿ, ಹೊಟ್ಟೆಯಲ್ಲಿ, ಕತ್ತರಿಸಿದ ಕರುಳನ್ನು ಮತ್ತೆ ಸೇರಿಸಿದ ಕಡೆ. ಆದರೆ ಹೊಟ್ಟೆ ತನ್ನ ಜಾಗದಲ್ಲೇ ಉಳಿಯುತ್ತದೆ, ಊಟ ಹಿಡಿಯುತ್ತದೆ, ಆಸಿಡ್ ಕುತ್ತಿಗೆಯವರೆಗೆ ಬರುವುದು ಕಡಿಮೆ. ಬಹಳ ವರ್ಷ ಬದುಕಬೇಕಾದ ಚಿಕ್ಕ ವಯಸ್ಸಿನವರಿಗೆ ಕರುಳೇ ಒಳ್ಳೆಯದು ಅನ್ನುವ ಸರ್ಜನ್‌ಗಳಿದ್ದಾರೆ. ಅವರ ಮಾತನ್ನು ನಾನು ಗೌರವಿಸುತ್ತೇನೆ. ಕಾಲ ಕಳೆದಂತೆ ಆ ಕರುಳೂ ಉದ್ದವಾಗಿ ಜೋತುಬೀಳಬಹುದು ಅನ್ನುವುದು ಅದರ ಕೊರತೆ.

ಬಾತ್‌ರೂಮ್ ಆಸಿಡ್ ಕುಡಿದವರಲ್ಲಿ ಅನ್ನನಾಳದ ಜೊತೆ ಹೊಟ್ಟೆಯೂ ಸುಟ್ಟಿರುತ್ತದೆ. ಅಲ್ಲಿ ಯೋಚಿಸುವ ಹಾಗೇ ಇಲ್ಲ, ಕರುಳೇ ಗತಿ. ಈಕೆಯ ಹೊಟ್ಟೆ ಚೆನ್ನಾಗಿತ್ತು. ಹಳೆಯ ಮಡಿಕೆ ಬಿಡಿಸಿದರೆ ಸಾಕಿತ್ತು. ಕೃಶ ದೇಹಕ್ಕೆ ಮೂರು ಜೋಡಣೆಗಿಂತ ಒಂದು ವಾಸಿ ಅಂತ ಹೊಟ್ಟೆಯನ್ನೇ ಆರಿಸಿದೆವು.

ಎದೆ ತೆರೆಯದೆ, ಕುತ್ತಿಗೆ ಮತ್ತು ಹೊಟ್ಟೆಯ ಕಡೆಯಿಂದ ಕೈ ಹಾಕಿ ಅನ್ನನಾಳ ಬಿಡಿಸುವ ಕ್ರಮವೂ ಇದೆ. ಅಮೆರಿಕದ ಮಿಷಿಗನ್‌ನ ಮಾರ್ಕ್ ಆರಿಂಜರ್ 1970ರ ದಶಕದಲ್ಲಿ ಅದನ್ನು ಮತ್ತೆ ಬಳಕೆಗೆ ತಂದರು, ಅಕಲೇಸಿಯಾದಲ್ಲೂ ಚೆನ್ನಾಗಿ ಮಾಡಿ ತೋರಿಸಿದರು. ಆದರೆ ಹಿಗ್ಗಿದ ಅನ್ನನಾಳಕ್ಕೆ ಮಹಾಧಮನಿಯಿಂದ ಬರುವ ರಕ್ತನಾಳಗಳೂ ದಪ್ಪವಾಗಿರುತ್ತವೆ. ಕಾಣದ ಜಾಗದಲ್ಲಿ ಕೈಯಾಡಿಸುವುದಕ್ಕಿಂತ ಎದೆಯೊಳಗೆ ಕ್ಯಾಮೆರಾ ಇಟ್ಟು ಒಂದೊಂದಾಗಿ ಕಟ್ಟುವುದು ಮೇಲು ಅನಿಸಿತು.

ಆಕೆಯ ಪ್ರಶ್ನೆ

ಎಲ್ಲ ದಾರಿಗಳನ್ನೂ ಎರಡು ದಿನ ಬಿಟ್ಟು ಬಿಟ್ಟು ಹೇಳಿದೆ. ಗಂಡ, ಅಣ್ಣ, ಮಗಳು ಇದ್ದರು. ಅಣ್ಣ ಕೂಡಲೇ “ತೆಗೆದೇ ಬಿಡಿ ಸಾರ್” ಅಂದರು. ಮಗಳು ಬಾಯಿಯಿಂದ ಮಾಡುವುದನ್ನೇ ಮಾಡಿಸೋಣ ಅಂದಳು. ಆಕೆ ಸುಮ್ಮನಿದ್ದರು. ಕೊನೆಗೆ ಕೇಳಿದ್ದು ಒಂದೇ.

“ಮಲಗೋಕೆ ಆಗುತ್ತಾ ಸಾರ್?”

ಊಟದ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಈ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ. ಹೊಟ್ಟೆ ಎದೆಗೆ ಬಂದ ಮೇಲೆ ಅದಕ್ಕೂ ಗಂಟಲಿಗೂ ನಡುವೆ ಕವಾಟವೇ ಇರುವುದಿಲ್ಲ. ಚಪ್ಪಟೆ ಮಲಗಿದರೆ ಪಿತ್ತ, ಆಸಿಡ್ ಬಾಯಿಗೆ ಬರುತ್ತದೆ. ಅದನ್ನೇ ಹೇಳಿದೆ. “ಚಪ್ಪಟೆಯಾಗಿ ಮಲಗೋಕೆ ಯಾವತ್ತೂ ಆಗಲ್ಲ ಅಮ್ಮ. ತಲೆ ಕಡೆ ಎತ್ತರ ಇರಲೇಬೇಕು. ಆದರೆ ಗೋಡೆಗೆ ಒರಗಿ ಕೂರಬೇಕಾಗಿಲ್ಲ. ಮಂಚದ ಮೇಲೆ, ಕಾಲು ಚಾಚಿ ಮಲಗಬಹುದು.”

ಪೋಯೆಮ್ ಆದರೆ ಈ ವಿಷಯದಲ್ಲಿ ಏನಾಗುತ್ತದೆ ಅಂತಲೂ ಕೇಳಿದರು. ನಮ್ಮ ಸಹೋದ್ಯೋಗಿಯೇ ಉತ್ತರ ಕೊಟ್ಟರು: ಊಟ ಸ್ವಲ್ಪ ಬೇಗ ಇಳಿಯಬಹುದು, ಕೆಳಗಿನ ಚೀಲದಲ್ಲಿ ಒಂದಿಷ್ಟು ಉಳಿಯುತ್ತದೆ, ರಾತ್ರಿ ಕೆಮ್ಮು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ. ತಮ್ಮ ವಾದಕ್ಕೆ ವಿರುದ್ಧವಾದದ್ದನ್ನೂ ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಮರುದಿನ ಬೆಳಗ್ಗೆ ಆಕೆ “ದೊಡ್ಡದೇ ಆಗಲಿ” ಅಂದರು.

ಆಪರೇಷನ್ ಮತ್ತು ಆಮೇಲಿನ ದಿನಗಳು

ಕೂಡಲೇ ಮಾಡಲಿಲ್ಲ. 38 ಕಿಲೋದಲ್ಲಿ ಮಾಡಿದ್ದರೆ ಜೋಡಣೆ ಕೂಡುತ್ತಿರಲಿಲ್ಲ. ಮೊದಲು ಚಿಕ್ಕ ಆಪರೇಷನ್ ಮಾಡಿ ಸಣ್ಣ ಕರುಳಿಗೆ ಟ್ಯೂಬ್ ಹಾಕಿದೆವು. ನಾಲ್ಕು ವಾರ ಮನೆಯಲ್ಲೇ ಅದರ ಮೂಲಕ ಆಹಾರ. ಮಗಳು ಗಡಿಯಾರ ನೋಡಿಕೊಂಡು ಹಾಕಿದಳು. ಉಸಿರು ಎಳೆದು ಮೂರು ಚೆಂಡು ಮೇಲೇರಿಸುವ ಸಾಧನ ಕೊಟ್ಟು ಉಸಿರಿನ ವ್ಯಾಯಾಮ ಮಾಡಿಸಿದೆವು. ತೂಕ 42 ಆಯಿತು. ನನ್ನ ಅನುಭವದಲ್ಲಿ ಈ ನಾಲ್ಕು ವಾರ ಆಪರೇಷನ್ನಿನಷ್ಟೇ ಮುಖ್ಯ.

ಅಕಲೇಸಿಯಾದವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಅಯೋಡಿನ್ ಬಣ್ಣ ಹಚ್ಚಿ ಒಳಪೊರೆ ಮತ್ತೆ ಪರೀಕ್ಷಿಸಿದೆವು. ಅನುಮಾನದ್ದೇನೂ ಸಿಗಲಿಲ್ಲ. ತೆಗೆದ ಅನ್ನನಾಳದ ಬಯಾಪ್ಸಿಯಲ್ಲೂ ಇರಲಿಲ್ಲ.

ಅರಿವಳಿಕೆ ಕೊಡುವ ಕ್ಷಣವೇ ಇಂಥವರಲ್ಲಿ ಅಪಾಯದ್ದು. ತುಂಬಿದ ಅನ್ನನಾಳ ಇದ್ದರೆ ಉಸಿರಿನ ನಾಳಕ್ಕೆ ನುಗ್ಗುತ್ತದೆ. ಐದು ದಿನ ನೀರಿನ ಆಹಾರ, ಹಿಂದಿನ ರಾತ್ರಿ ಮತ್ತು ಬೆಳಗ್ಗೆ ತೊಳೆದದ್ದು, ತಲೆ ಎತ್ತರದಲ್ಲಿಟ್ಟು ವೇಗವಾಗಿ ಟ್ಯೂಬ್ ಹಾಕಿದ್ದು, ಇದೆಲ್ಲ ಅರಿವಳಿಕೆ ತಂಡದ ಕೆಲಸ. ಆಮೇಲೆ ಎದೆ, ಹೊಟ್ಟೆ, ಕುತ್ತಿಗೆ ಅನ್ನುವ ಕ್ರಮದಲ್ಲಿ ಆರೂವರೆ ಗಂಟೆ. ಬಲ ಶ್ವಾಸಕೋಶದ ಪೊರೆಗೆ ಅನ್ನನಾಳ ಅಂಟಿಕೊಂಡಿದ್ದ ಜಾಗದಲ್ಲಿ ಬಹಳ ಸಮಯ ಹೋಯಿತು.

ಆರನೇ ದಿನ ಕುತ್ತಿಗೆಯ ಗಾಯ ಕೆಂಪಾಯಿತು. ಹೊಲಿಗೆ ಬಿಚ್ಚಿದರೆ ಎಂಜಲು ಬಂತು. ಜೋಡಣೆ ಸೋರಿತ್ತು. ನೂರರಲ್ಲಿ ಏಳು ಅಂತ ಹೇಳಿದ್ದೆ, ಆ ಏಳರಲ್ಲಿ ಈಕೆ ಒಬ್ಬರಾದರು. ಕುತ್ತಿಗೆಯಲ್ಲಿ ಸೋರಿದರೆ ಹೊರಕ್ಕೆ ಬರುತ್ತದೆ, ಎದೆಯೊಳಗೆ ಸೋರಿದ ಹಾಗೆ ಜೀವಕ್ಕೆ ಎರವಾಗುವುದು ಕಡಿಮೆ. ಅದಕ್ಕೇ ಜೋಡಣೆಯನ್ನು ಕುತ್ತಿಗೆಯಲ್ಲಿ ಇಟ್ಟಿದ್ದೆವು. ದಿನಕ್ಕೆ ಎರಡು ಸಲ ಡ್ರೆಸ್ಸಿಂಗ್, ಕರುಳಿನ ಟ್ಯೂಬಿನಿಂದ ಆಹಾರ. 19ನೇ ದಿನಕ್ಕೆ ಮುಚ್ಚಿತು. ಆ ಹದಿಮೂರು ದಿನ ಬೆಳಗ್ಗೆ ವಾರ್ಡಿಗೆ ಹೋಗುವಾಗ ನನ್ನ ಹೆಜ್ಜೆ ಭಾರವಾಗಿರುತ್ತಿತ್ತು. ಆಕೆ ಮಾತ್ರ ಒಂದು ದಿನವೂ ಯಾಕೆ ಮಾಡಿದಿರಿ ಅಂತ ಕೇಳಲಿಲ್ಲ.

ಧ್ವನಿ ಕೂತಿತ್ತು. ಧ್ವನಿಪೆಟ್ಟಿಗೆಯ ಎಡ ನರಕ್ಕೆ ಕುತ್ತಿಗೆಯಲ್ಲಿ ಪೆಟ್ಟಾಗಿತ್ತು. ನಾಲ್ಕು ತಿಂಗಳಿಗೆ ಸರಿಹೋಯಿತು. 23ನೇ ದಿನ ಮನೆಗೆ ಹೋದರು. ಎರಡು ತಿಂಗಳಿಗೆ ಜೋಡಣೆಯ ಜಾಗ ಕಿರಿದಾಗಿ ಮತ್ತೆ ನುಂಗಲು ಕಷ್ಟವಾಯಿತು. ಸೋರಿದ ಜೋಡಣೆ ಹೀಗೆ ಕಿರಿದಾಗುವುದು ಸಾಮಾನ್ಯ. ಎಂಡೋಸ್ಕೋಪಿಯಲ್ಲಿ ಮೂರು ಸಲ ಹಿಗ್ಗಿಸಿದೆವು. ಹಿಗ್ಗಿಸಿದ್ದು ಪೋಯೆಮ್ ಪರ ವಾದಿಸಿದ ಅದೇ ಸಹೋದ್ಯೋಗಿ.

ಯುಗಾದಿಗೆ ಹೋಳಿಗೆ ತಿಂದು ಅರ್ಧ ಗಂಟೆಯಲ್ಲಿ ಬೆವರು, ಎದೆ ಬಡಿತ, ತಲೆ ಸುತ್ತು. ಗಾಬರಿಯಾಗಿ ಫೋನ್ ಮಾಡಿದರು. ಹೊಟ್ಟೆಯ ಗೋದಾಮು ಈಗ ಇಲ್ಲ, ಸಿಹಿ ಒಂದೇ ಸಲ ಕರುಳಿಗೆ ಇಳಿಯುತ್ತದೆ. ಡಂಪಿಂಗ್ ಅನ್ನುತ್ತಾರೆ. ಅಂದಿನಿಂದ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ, ಊಟದ ಜೊತೆ ನೀರಿಲ್ಲ, ಸಿಹಿ ಒಂದು ಚೂರು. ಮೊದಲು ನೀರಿಲ್ಲದೆ ಊಟ ಇಳಿಯುತ್ತಿರಲಿಲ್ಲ. ಈಗ ಊಟದ ಜೊತೆ ನೀರು ಕುಡಿಯಬಾರದು. ಇಪ್ಪತ್ತು ವರ್ಷದ ಅಭ್ಯಾಸ ಬಿಡಲಿಕ್ಕೆ ಅವರಿಗೆ ತಿಂಗಳುಗಳೇ ಬೇಕಾದವು.

ಎರಡೂವರೆ ವರ್ಷದ ಮೇಲೆ

ತೂಕ 49 ಕಿಲೋ. ನ್ಯುಮೋನಿಯಾ ಮತ್ತೆ ಬಂದಿಲ್ಲ. ರೊಟ್ಟಿ ತಿನ್ನುತ್ತಾರೆ, ಪಲ್ಯದ ರಸದಲ್ಲಿ ಅದ್ದಿ. ಮುದ್ದೆ ಚೆನ್ನಾಗಿ ಇಳಿಯುತ್ತದೆ. ಮಂಡಕ್ಕಿ ಬಗ್ಗೆ ಇನ್ನೂ ಭಯ. ತೋಟದಲ್ಲಿ ಬಗ್ಗಿ ಅಡಿಕೆ ಆರಿಸುವಾಗ ಕಹಿ ನೀರು ಬಾಯಿಗೆ ಬರುತ್ತದೆ, ಆ ಕೆಲಸ ಬಿಟ್ಟಿದ್ದಾರೆ. ಆಸಿಡ್ ಮಾತ್ರೆ ದಿನವೂ ಬೇಕು. ಬಿ12 ಮತ್ತು ಕಬ್ಬಿಣದ ಅಂಶ ಆಗಾಗ ನೋಡುತ್ತೇವೆ. ಕುತ್ತಿಗೆಯಲ್ಲಿ ಉಳಿದ ಅನ್ನನಾಳದ ತುಂಡಿಗೆ ಆಸಿಡ್ ತಾಗಿ ಒಳಪೊರೆ ಬದಲಾಗಬಹುದು, ಹಾಗಾಗಿ ಕಾಲಕಾಲಕ್ಕೆ ಎಂಡೋಸ್ಕೋಪಿ.

ನುಂಗುವ ಕಷ್ಟ, ವಾಪಸ್ ಬರುವುದು, ಎದೆನೋವು, ತೂಕ ಇಳಿಯುವುದು, ಈ ನಾಲ್ಕಕ್ಕೆ ಅಂಕ ಕೊಡುವ ಎಕಾರ್ಟ್ ಪಟ್ಟಿಯಲ್ಲಿ ಮೊದಲು ಅವರಿಗೆ 12ಕ್ಕೆ 10 ಇತ್ತು. ಈಗ 2. ಆದರೆ ಆ ಪಟ್ಟಿಯಲ್ಲಿ ಡಂಪಿಂಗ್ ಇಲ್ಲ, ಕಹಿ ನೀರು ಇಲ್ಲ, ಹದಿಮೂರು ದಿನದ ಡ್ರೆಸ್ಸಿಂಗ್ ಇಲ್ಲ. ಹಾಗಾಗಿ ಆ 2 ಅನ್ನುವ ಸಂಖ್ಯೆಯನ್ನು ನಾನು ಹೊಸ ರೋಗಿಗಳ ಮುಂದೆ ಒಂಟಿಯಾಗಿ ಹೇಳುವುದಿಲ್ಲ. ಜೊತೆಗೆ ಉಳಿದದ್ದನ್ನೂ ಹೇಳುತ್ತೇನೆ.

ಸಹೋದ್ಯೋಗಿ ಈಗಲೂ ಪೋಯೆಮ್ ಒಂದು ಸಲ ನೋಡಬಹುದಿತ್ತು ಅನ್ನುತ್ತಾರೆ. ಅದು ತಪ್ಪು ಅಂತ ಸಾಧಿಸಲು ನನ್ನ ಹತ್ತಿರ ಏನೂ ಇಲ್ಲ. ನನ್ನ ವಾದ ನಿಂತಿರುವುದು ಆ 7ರ ಮೇಲೆ ಮತ್ತು ಆ ಎಕ್ಸ್‌ರೇ ಮೇಲೆ. ಹೋದ ವರ್ಷ ಇದೇ ರೀತಿ ಹಿಗ್ಗಿದ, 8 ಸೆಂಟಿಮೀಟರ್ ಅನ್ನನಾಳದ ಯುವಕನೊಬ್ಬ ಬಂದ. ಅವನಿಗೆ ಮೊದಲು ಯಾವ ಚಿಕಿತ್ಸೆಯೂ ಆಗಿರಲಿಲ್ಲ, ಕವಾಟದ ಒತ್ತಡ ಜಾಸ್ತಿಯೇ ಇತ್ತು. ಅವನಿಗೆ ಮಯೋಟಮಿ ಮಾಡಿ, ಅನ್ನನಾಳ ಕೆಳಕ್ಕೆ ಎಳೆದು ಹೊಲಿದು, ಮೂರನೇ ದಿನ ಮನೆಗೆ ಕಳಿಸಿದೆವು. ಬೇರಿಯಂನಲ್ಲಿ ಅವನ ಅನ್ನನಾಳ ಈಗಲೂ ಅಗಲವಾಗಿಯೇ ಕಾಣುತ್ತದೆ. ಅವನು ಹೊಟ್ಟೆ ತುಂಬ ಉಣ್ಣುತ್ತಾನೆ.

ಮೊನ್ನೆ ತಪಾಸಣೆಗೆ ಬಂದಾಗ ಆಕೆಯ ಚೀಲದಲ್ಲಿ ಒಂದೇ ಬಾಟಲಿ ಇತ್ತು. ನಿದ್ದೆ ಹೇಗಿದೆ ಅಂತ ಕೇಳಿದೆ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಗಂಡ ಇಟ್ಟಿಗೆ ಇಟ್ಟುಕೊಟ್ಟಿದ್ದಾರೆ. ಮಗಳ ಮನೆಯಲ್ಲೂ ಹಾಗೇ ಒಂದು ಮಂಚ ಸಿದ್ಧ ಮಾಡಿದ್ದಾರಂತೆ. ದೀಪಾವಳಿಗೆ ಅಲ್ಲಿ ನಾಲ್ಕು ದಿನ ಇದ್ದು ಬಂದರಂತೆ.

“ಕಾಲು ಚಾಚಿ ಮಲಗ್ತೀನಿ ಸಾರ್,” ಅಂದರು.